ಸಂದು ಬಿಟ್ಟ ಹುಳುಮನೆಗೆ ಫಾರ್ಮಲಿನ್ ಬೇಡ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ರೇಷ್ಮೆಹುಳು ಮೇಯಿಸುವ ಅಣ್ಣಂದಿರಿಗೆ, ಅಕ್ಕಂದಿರಿಗೆ,



ಗೂಡು ಮಾರುಕಟ್ಟೆಗೆ ಹೋಗಿ, ಮುಂದಿನ ಚಾಕಿ ಇನ್ನೂ ಬಾರದ ನಡುವಿನ ಕೆಲವು ದಿನಗಳ ಬಗ್ಗೆ ಈ ಪತ್ರ. ಹಿಕ್ಕೆ, ಒಣಗಿದ ಕಡ್ಡಿ, ಸತ್ತ ಹುಳು ಎಲ್ಲವನ್ನೂ ಗುಡಿಸಿ ಹೊರಹಾಕಿ, ಸ್ಟ್ಯಾಂಡು, ಚಂದ್ರಿಕೆ ತೊಳೆದು, ಕೊನೆಗೆ ಹುಳುಮನೆಗೆ ಔಷಧಿ ಹೊಡೆಯುತ್ತೀರಲ್ಲ, ಆ ದಿನದ ಬಗ್ಗೆ. ಮೊಟ್ಟೆಗೆ ಎಷ್ಟಾಯಿತು, ಸೊಪ್ಪಿಗೆ ಎಷ್ಟಾಯಿತು, ಕೂಲಿಗೆ ಎಷ್ಟು ಹೋಯಿತು, ಶಿಡ್ಲಘಟ್ಟದಲ್ಲಿ ಇವತ್ತು ಗೂಡಿನ ರೇಟು ಏನು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೀರಿ. ಔಷಧಿ ಹೊಡೆದವರ ಕಣ್ಣು, ಮೂಗು, ಎದೆಯ ಲೆಕ್ಕ ಮಾತ್ರ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಹುಳುಮನೆಯಲ್ಲಿ ಫಾರ್ಮಲಿನ್ ನಿಮ್ಮ ಸಂಸಾರವನ್ನು ಕಾಡುತ್ತದೋ ಅದೇ ಹುಳುಮನೆಯಲ್ಲಿ ಅದು ರೋಗಾಣುವನ್ನೂ ಸರಿಯಾಗಿ ಕೊಲ್ಲುವುದಿಲ್ಲ. ಎರಡಕ್ಕೂ ಕಾರಣ ಒಂದೇ: ಗಾಳಿ ಸೋರುವ ಮನೆ. ಅಂಥ ಮನೆಯಲ್ಲಿ ಫಾರ್ಮಲಿನ್ ಹೊಡೆಯುವವರು ದುಡ್ಡನ್ನೂ ಕಳೆದುಕೊಳ್ಳುತ್ತಾರೆ, ಆರೋಗ್ಯವನ್ನೂ ಕಳೆದುಕೊಳ್ಳುತ್ತಾರೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದವನು. ಬಂಧುಬಳಗದಲ್ಲಿ ಹುಳು ಮೇಯಿಸದವರೇ ಕಡಿಮೆ. ಹಾಗಾಗಿ ಈ ಎರಡು ಲೋಕಗಳ ಮಾತನ್ನು ಒಂದೆಡೆ ಸೇರಿಸಿ ಬರೆಯುವ ಸಲುಗೆ ತೆಗೆದುಕೊಂಡಿದ್ದೇನೆ.

ಕ್ಯಾನಿನಲ್ಲಿ ಬರುವ ಫಾರ್ಮಲಿನ್ ನೀರಿನಂತೆ ಕಾಣುತ್ತದೆ, ನಿಜ. ಆದರೆ ಅದರೊಳಗಿರುವ ಮುಖ್ಯ ವಸ್ತು ಫಾರ್ಮಾಲ್ಡಿಹೈಡ್ ಎಂಬ ಅನಿಲ. ಶೂನ್ಯಕ್ಕಿಂತ 19 ಡಿಗ್ರಿ ಕೆಳಗೇ ಕುದಿಯುವ ವಸ್ತು ಅದು. ಅಂದರೆ ನಮ್ಮ ಸೀಮೆಯ ಯಾವ ಚಳಿಯಲ್ಲೂ ಅದು ತಾನಾಗಿ ದ್ರವವಾಗಿರುವುದಿಲ್ಲ. ನೂರಕ್ಕೆ 37ರಿಂದ 40 ಪಾಲಿನಷ್ಟು ಅನಿಲವನ್ನು ನೀರಿಗೆ ಕುಡಿಸಿ, ಅದು ಗಟ್ಟಿಯಾಗಿ ತಳ ಸೇರದಿರಲೆಂದು 10ರಿಂದ 15 ಪಾಲು ಮೆಥನಾಲ್ ಬೆರೆಸಿ ಕ್ಯಾನಿಗೆ ತುಂಬಿರುತ್ತಾರೆ. ಮುಚ್ಚಳ ತೆಗೆದ ಕ್ಷಣದಿಂದ ಅದು ಹೊರಗೆ ಬರಲು ದಾರಿ ಹುಡುಕುತ್ತದೆ. ಜಗತ್ತಿನಲ್ಲಿ ತಯಾರಾಗುವ ಫಾರ್ಮಾಲ್ಡಿಹೈಡಿನ ಬಹುಪಾಲು ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳ ಅಂಟಿಗೂ ಪ್ಲಾಸ್ಟಿಕ್ಕಿಗೂ ಹೋಗುತ್ತದೆ. ನಮ್ಮ ಹುಳುಮನೆಗೆ ಬರುವುದು ಅದರ ಚಿಲ್ಲರೆ ಪಾಲು.

ರೋಗಾಣುವನ್ನು ಅದು ಕೊಲ್ಲುವ ಬಗೆ ತಿಳಿದರೆ ಮನುಷ್ಯನಿಗೆ ಅದು ಏನು ಮಾಡೀತು ಎಂಬುದೂ ತಿಳಿಯುತ್ತದೆ. ಜೀವಕೋಶದ ಪ್ರೋಟೀನುಗಳ ನಡುವೆ ನುಗ್ಗಿ ಒಂದನ್ನೊಂದಕ್ಕೆ ಬೆಸೆದುಬಿಡುವುದು ಅದರ ಕೆಲಸ. ಬೆಸೆದ ಪ್ರೋಟೀನು ಮತ್ತೆ ಕೆಲಸಕ್ಕೆ ಬಾರದು. ರಷ್ಯಾದ ವಿಜ್ಞಾನಿ ಬಟ್ಲೆರೋವ್ 1859ರಲ್ಲಿ ಈ ವಸ್ತುವನ್ನು ಮೊದಲು ಕಂಡ. ಗಂಟುರೋಗದಿಂದ ನೆಲಕಚ್ಚಿದ್ದ ರೇಷ್ಮೆಯನ್ನು ಉಳಿಸಲು ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನ ಅಲೆಸ್ ಊರಿಗೆ ಬಂದದ್ದು 1865ರಲ್ಲಿ. ಕಾಯಿಲೆಯ ಗುಟ್ಟೂ ಈ ಅನಿಲವೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬೆಳಕಿಗೆ ಬಂದವು. ಆದರೂ ಅನಿಲದ ಸೋಂಕುನಾಶಕ ಗುಣ ಬಳಕೆಗೆ ಬರಲು ಇನ್ನಷ್ಟು ದಶಕ ಹಿಡಿಯಿತು. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಎಂಬ ವೈದ್ಯ ಫಾರ್ಮಲಿನ್ನಿನ ಮೇಲೆ ಪ್ರಯೋಗ ಮಾಡುತ್ತಿದ್ದಾಗ ತನ್ನ ಬೆರಳುಗಳ ಚರ್ಮವೇ ಬಿರುಸಾದದ್ದನ್ನು ಗಮನಿಸಿದ. ಕಾಲೇಜುಗಳ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಬಾಟಲಿಯಲ್ಲಿ ಕೆಡದಂತೆ ಇಡುವ ಪದ್ಧತಿ ಬೆಳೆದದ್ದು ಆ ಬೆರಳುಗಳಿಂದ. ನಿಮ್ಮಲ್ಲಿ ಬರಿಗೈಯಲ್ಲಿ ಕಲಸುವವರಿಗೆ ಆ ಬಿರುಸು ಹೊಸದೇನಲ್ಲ. ಕೆಲವರಿಗೆ ಅಷ್ಟಕ್ಕೇ ನಿಲ್ಲದೆ ಬೆರಳ ಸಂದಿಯಲ್ಲಿ ಕಜ್ಜಿ ಏಳುತ್ತದೆ. ಒಮ್ಮೆ ಒಗ್ಗದೆ ಹೋದ ಚರ್ಮಕ್ಕೆ ಆಮೇಲೆ ಒಂದು ಹನಿ ತಾಗಿದರೂ ಸಾಕು, ಮತ್ತೆ ಕೆರಳುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 30 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹುಳುಮನೆ ಅಂದುಕೊಳ್ಳಿ. ಒಳಗಿನ ಗಾಳಿ ಸುಮಾರು 100 ಘನಮೀಟರ್. ಅದಕ್ಕೆ ಶೇಕಡಾ 2ರ ದ್ರಾವಣ 40 ಲೀಟರ್ ಹೊಡೆದಿರಿ. ಅದರಲ್ಲಿರುವ ಫಾರ್ಮಾಲ್ಡಿಹೈಡ್ 800 ಗ್ರಾಂ. ನೂರರಲ್ಲಿ ಒಂದೇ ಪಾಲು, ಅಂದರೆ ಬರೀ 8 ಗ್ರಾಂ ಗಾಳಿಗೆ ಸೇರಿದರೂ ಹತ್ತು ಲಕ್ಷ ಪಾಲು ಗಾಳಿಯಲ್ಲಿ 65 ಪಾಲಿನಷ್ಟಾಗುತ್ತದೆ. ಇದು ಎಷ್ಟು ದೊಡ್ಡದೆಂದು ನೋಡಿ. ಅಮೆರಿಕದ ಕಾರ್ಖಾನೆಗಳಲ್ಲಿ ಕೆಲಸಗಾರ ದಿನಕ್ಕೆ ಎಂಟು ಗಂಟೆ ಉಸಿರಾಡಬಹುದಾದ ಗಾಳಿಗೆ ಇರುವ ಮಿತಿ ಹತ್ತು ಲಕ್ಷಕ್ಕೆ ಮುಕ್ಕಾಲು ಪಾಲು, ಹದಿನೈದು ನಿಮಿಷದ ಮಟ್ಟಿಗೆ 2 ಪಾಲು. 20 ಪಾಲು ಅಂದರೆ ಪ್ರಾಣಕ್ಕೆ ತಕ್ಷಣದ ಅಪಾಯ ಎಂದು ಅಲ್ಲಿನವರು ಗುರುತು ಹಾಕಿದ್ದಾರೆ. ನಮ್ಮ ದೇಶದ ಕಾರ್ಖಾನೆಗಳಿಗೂ ಇಂಥ ಮಿತಿಗಳ ಪಟ್ಟಿ ಇದೆ. ಹುಳುಮನೆ ಕಾರ್ಖಾನೆಯಲ್ಲವಾದ್ದರಿಂದ ಅದನ್ನು ಹಿಡಿದು ಯಾವ ಇನ್‌ಸ್ಪೆಕ್ಟರೂ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಬರಲಿ ಎಂದು ನಾನೂ ಹಾರೈಸುತ್ತಿಲ್ಲ, ಹೆದರಬೇಡಿ.

ಮುಚ್ಚಿದ ಕೋಣೆಯಲ್ಲಿ ಗಾಳಿ ಅಷ್ಟು ವಿಷವಾಗಬೇಕು, ಹಾಗಾದರೇನೇ ಔಷಧಿಗೆ ಬೆಲೆ. ರೇಷ್ಮೆ ಇಲಾಖೆಯವರು ಹೇಳುವ ಶರತ್ತುಗಳೂ ಅದಕ್ಕಾಗಿಯೇ ಇವೆ: ಶಾಖ 25 ಡಿಗ್ರಿ ದಾಟಿರಬೇಕು, ಗಾಳಿಯಲ್ಲಿ ತೇವ ಶೇಕಡಾ 70ಕ್ಕಿಂತ ಹೆಚ್ಚಿರಬೇಕು, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ 24 ಗಂಟೆ ಬಿಡಬೇಕು. ಫಾರ್ಮಲಿನ್ನಿನ ಜೊತೆ ಶೇಕಡಾ 0.3 ಸುಣ್ಣ ಸೇರಿಸಲು ಹೇಳುವುದಕ್ಕೂ ಕಾರಣವಿದೆ. ಹಾಲು ರೋಗದ ವೈರಸ್ಸು ಗಟ್ಟಿ ಹರಳಿನೊಳಗೆ ಅವಿತಿರುತ್ತದೆ, ಆ ಹರಳು ಕರಗುವುದು ಕ್ಷಾರಕ್ಕೆ. ಸುಣ್ಣ ಬಾಗಿಲು ತೆರೆಯುತ್ತದೆ, ಫಾರ್ಮಲಿನ್ ಒಳಗೆ ಹೋಗುತ್ತದೆ. ಇಷ್ಟೆಲ್ಲ ಶರತ್ತು ಕೂಡಿಬರುವ ಮನೆ ನಿಮ್ಮಲ್ಲಿ ಎಷ್ಟು ಜನರದು?

ಈಚೆಗೆ ಇಲಾಖೆಯ ಸಹಾಯಧನದಲ್ಲಿ ಕಟ್ಟಿದ ಪ್ರತ್ಯೇಕ ಹುಳುಮನೆಗಳು ಬೇರೆ. ಅವುಗಳಲ್ಲಿ ಬಾಗಿಲು ಕಿಟಕಿಯ ಸಂದಿಗೆ ಕಾಗದ ಅಂಟಿಸಿದರೆ ಒಂದು ದಿನ ಗಾಳಿ ನಿಲ್ಲುತ್ತದೆ. ನಾನು ಹೇಳುತ್ತಿರುವುದು ಹಳೆಯ ಮನೆಗಳ ಮಾತು: ಒಂದು ಪಕ್ಕದಲ್ಲಿ ಅಡುಗೆ, ಇನ್ನೊಂದು ಪಕ್ಕದಲ್ಲಿ ಹುಳು, ನಡುವೆ ಸೂರಿಗೆ ತಾಕದ ಅರ್ಧಗೋಡೆ. ಮೇಲೆ ಹೆಂಚು ಅಥವಾ ತಗಡು. ಅಡುಗೆ ಗ್ಯಾಸು ಸೋರಿದರೆ ನೆಲ ಹಿಡಿದು ಹರಿಯುತ್ತದೆ. ಫಾರ್ಮಾಲ್ಡಿಹೈಡ್ ಹಾಗಲ್ಲ. ಅದರ ತೂಕ ಹೆಚ್ಚುಕಡಿಮೆ ಗಾಳಿಯದೇ ತೂಕ. ಕೆಳಗೆ ಕೂರುವುದೂ ಇಲ್ಲ, ಮೇಲಕ್ಕೆ ಹೋಗಿ ಮಾಯವಾಗುವುದೂ ಇಲ್ಲ. ಗಾಳಿ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಹೋಗುತ್ತದೆ: ಅರ್ಧಗೋಡೆಯ ಮೇಲಿನಿಂದ ಅಡುಗೆಮನೆಗೆ, ಅಲ್ಲಿಂದ ಮಕ್ಕಳು ಮಲಗುವ ಕಡೆಗೆ. ಹುಳುಮನೆಯೊಳಗೆ ಅನಿಲ ತೆಳುವಾಗುತ್ತದೆ, ರೋಗಾಣು ಉಳಿಯುತ್ತದೆ. ಮನೆಯೊಳಗೆ ರಾತ್ರಿಯೆಲ್ಲ ಕೆಮ್ಮು. ಮುಂದಿನ ಬೆಳೆ ಮೂರನೇ ಜ್ವರ ಎದ್ದಮೇಲೆ ಹಾಲು ರೋಗಕ್ಕೆ ಬಿದ್ದಾಗ ಔಷಧಿ ಡೂಪ್ಲಿಕೇಟು ಎಂದು ಅಂಗಡಿಯವನನ್ನು ಬಯ್ಯುವುದು.

ಅಂಗಡಿಯವನ ತಪ್ಪೂ ಇರಬಹುದು, ಅದನ್ನೂ ನೋಡೋಣ. ಕ್ಯಾನಿನ ಮೇಲೆ ಶೇಕಡಾ 36 ಎಂದಿದ್ದರೆ ಒಂದು ಲೀಟರ್ ಫಾರ್ಮಲಿನ್ನಿಗೆ 17 ಲೀಟರ್ ನೀರು ಸೇರಿಸಿದಾಗ ಶೇಕಡಾ 2 ಬರುತ್ತದೆ. ಆದರೆ ಹಳೆಯ ಕ್ಯಾನು, ಮುಚ್ಚಳ ಸಡಿಲವಾದ ಕ್ಯಾನು, ಚಳಿಗಾಲ ಪೂರ್ತಿ ಗೋದಾಮಿನ ಮೂಲೆಯಲ್ಲಿ ಕೂತ ಕ್ಯಾನು ಆ ಶಕ್ತಿ ಉಳಿಸಿಕೊಂಡಿರುವುದಿಲ್ಲ. ತಳದಲ್ಲಿ ಬಿಳಿ ಗಸಿ ಕಂಡರೆ ಅದು ಸುಣ್ಣವೂ ಅಲ್ಲ, ಕಸವೂ ಅಲ್ಲ. ಫಾರ್ಮಾಲ್ಡಿಹೈಡೇ ಸರಪಳಿಯಾಗಿ ಗಟ್ಟಿಯಾಗಿ ಕೂತದ್ದು. ಮೇಲಿನ ನೀರಿನಲ್ಲಿ ಅಷ್ಟರಮಟ್ಟಿಗೆ ಶಕ್ತಿ ಕಡಿಮೆ. ಅದನ್ನು ಕರಗಿಸಲು ಒಲೆಯ ಮೇಲಿಟ್ಟು ಬಿಸಿ ಮಾಡುವ ಸಾಹಸ ಬೇಡವೇ ಬೇಡ. ಮೆಥನಾಲ್ ಬೆರೆತ ಫಾರ್ಮಲಿನ್ನಿನ ಆವಿ 50 ಡಿಗ್ರಿ ಆಸುಪಾಸಿನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಪುಷ್ಯಮಾಸದಲ್ಲಿ 25 ಡಿಗ್ರಿ ಬರಲೆಂದು ಕೆಲವರು ಮುಚ್ಚಿದ ಹುಳುಮನೆಯೊಳಗೆ ಇದ್ದಿಲ ಒಲೆ ಇಟ್ಟು, ಅದು ಉರಿಯುತ್ತಿರುವಾಗಲೇ ಔಷಧಿ ಹೊಡೆಯುತ್ತಾರೆ. ಬೆಂಕಿಯ ಭಯ ಒಂದು ಕಡೆ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಉರಿಯೂ ಇಲ್ಲ. ಅದು ಬಂತೆಂದು ತಿಳಿಯುವಷ್ಟರಲ್ಲಿ ಕಾಲಿನಲ್ಲಿ ಶಕ್ತಿ ಇರುವುದಿಲ್ಲ. ಕೋಣೆ ಬಿಸಿಯಾಗಬೇಕಿದ್ದರೆ ಮೊದಲು ಬಿಸಿ ಮಾಡಿ, ಒಲೆ ಹೊರಗಿಟ್ಟು, ಬಿಸಿಲೇರಿದ ಮೇಲೆ ಔಷಧಿ ಹೊಡೆಯಿರಿ.

ಮೆಥನಾಲ್ ಬಗ್ಗೆ ಇನ್ನೊಂದು ಮಾತು. 2008ರ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತಲೂ ಪಕ್ಕದ ಕೃಷ್ಣಗಿರಿಯಲ್ಲೂ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದರಲ್ಲಿದ್ದ ವಿಷ ಇದೇ. ದೇಹ ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಫಾರ್ಮಿಕ್ ಆಮ್ಲ. ಕಣ್ಣಿನ ನರ ಸುಡುವುದು ಆ ಆಮ್ಲ. ಹಾಗಾಗಿ ಮಿಕ್ಕ ಫಾರ್ಮಲಿನ್ನನ್ನು ನೀರಿನ ಬಾಟಲಿ, ತಂಪುಪಾನೀಯದ ಬಾಟಲಿ, ಅದಕ್ಕಿಂತ ಕೆಟ್ಟದಾಗಿ ಬ್ರಾಂದಿ ಬಾಟಲಿಗೆ ತುಂಬಿ ಗೋಡೆಯ ಗೂಡಿನಲ್ಲಿ ಇಡುವ ಅಭ್ಯಾಸವನ್ನು ಇವತ್ತೇ ಬಿಡಿ. 30 ಮಿಲಿಲೀಟರಿನಷ್ಟು, ಅಂದರೆ ಒಂದು ಸಣ್ಣ ಪೆಗ್ಗಿನಷ್ಟು ಗಟ್ಟಿ ಫಾರ್ಮಲಿನ್ ದೊಡ್ಡವರ ಪ್ರಾಣ ತೆಗೆದ ದಾಖಲೆಗಳಿವೆ. ಯಾರಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಇಳಿಯುವಾಗ ಸುಟ್ಟ ಗಂಟಲನ್ನು ಅದು ಹತ್ತುವಾಗ ಮತ್ತೆ ಸುಡುತ್ತದೆ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಕಣ್ಣಿಗೆ ಸಿಡಿದರೆ ಮೊದಲು ಕಾಲು ಗಂಟೆ ಸುರಿಯುವ ನೀರಿನಲ್ಲಿ ತೊಳೆಯಿರಿ, ಆಮೇಲೆ ಡಾಕ್ಟರು.

ಮೂಗನ್ನು ನಂಬುವಂತಿಲ್ಲ ಎನ್ನುವುದು ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು. ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆಯಿದ್ದಾಗಲೇ ಅದರ ಘಾಟು ಹೊಸಬರ ಮೂಗಿಗೆ ಬಡಿಯುತ್ತದೆ. ಎರಡು ಮೂರು ಪಾಲಿಗೆ ಕಣ್ಣು ಉರಿಯುತ್ತದೆ. ಆದರೆ ಒಳಗೆ ಸ್ವಲ್ಪ ಹೊತ್ತು ನಿಂತವರ ಮೂಗು ಸೋತು ಸುಮ್ಮನಾಗುತ್ತದೆ. “ಈಗ ಘಾಟು ಕಮ್ಮಿಯಾಯ್ತು, ನನಗೆ ಅಭ್ಯಾಸ ಆಗೋಯ್ತು” ಎನ್ನುವವರನ್ನು ಕೇಳಿದ್ದೇನೆ. ಘಾಟು ಅಷ್ಟೇ ಇದೆ, ತಿಳಿಸುವವನು ಮಲಗಿದ್ದಾನೆ. ತುಂಬಾ ಒಳಗೆಳೆದುಕೊಂಡವರಿಗೆ ಕೆಲವು ಗಂಟೆ ಕಳೆದ ಮೇಲೆ, ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಔಷಧಿ ಹೊಡೆದ ರಾತ್ರಿ ಎದೆ ಬಿಗಿದರೆ, ಉಸಿರು ಮೇಲೆ ಕೆಳಗೆ ಆದರೆ, ಬೆಳಗಾಗಲಿ ಎಂದು ಕಾಯಬೇಡಿ.

ಮುಖಕ್ಕೆ ಕಟ್ಟುವ ಟವೆಲ್ಲು, ಒದ್ದೆ ಮಾಡಿದರೂ, ಅನಿಲವನ್ನು ತಡೆಯುವುದಿಲ್ಲ. ಕೊರೊನಾ ಕಾಲದಲ್ಲಿ ತಂದಿಟ್ಟ ಎನ್-95 ಮಾಸ್ಕುಗಳು ಮನೆಮನೆಯಲ್ಲಿವೆ. ಅವು ಧೂಳು, ಹನಿ ತಡೆಯುವಂಥವು. ಅನಿಲ ಅವುಗಳ ಮೂಲಕ ನೇರ ಒಳಗೆ ಬರುತ್ತದೆ. ಬೇಕಾದದ್ದು ಫಾರ್ಮಾಲ್ಡಿಹೈಡಿಗೆ ಆಗುತ್ತದೆಂದು ಬರೆದಿರುವ ಡಬ್ಬಿಯುಳ್ಳ ರಬ್ಬರ್ ಮಾಸ್ಕು, ಅಂಚು ಮುಚ್ಚಿದ ಕನ್ನಡಕ, ಮೊಣಕೈವರೆಗಿನ ರಬ್ಬರ್ ಕೈಗವಸು. ಬೆಲೆ ಇದೆ, ಇಲ್ಲವೆನ್ನುವುದಿಲ್ಲ. ಹತ್ತು ಮನೆ ಸೇರಿ ಎರಡು ಜೊತೆ ಕೊಂಡರೂ ಸರದಿ ಮೇಲೆ ಬಳಸಬಹುದು. ಡಬ್ಬಿ ಮಾತ್ರ ಕಾಲಕಾಲಕ್ಕೆ ಬದಲಿಸಬೇಕು, ಅದರ ಆಯುಸ್ಸು ಮುಗಿದ ಮೇಲೆ ಅದು ಬರೀ ಅಲಂಕಾರ.

ಕ್ಯಾನ್ಸರಿನ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರು ಮೊದಲು ಕಂಡದ್ದು, ಆಮೇಲೆ ರಕ್ತದ ಕ್ಯಾನ್ಸರನ್ನೂ ಸೇರಿಸಿದರು. ಹಾಗೆಂದು ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವವರಿಗೆಲ್ಲ ಅದು ಬಂದೇ ಬರುತ್ತದೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಎಷ್ಟು ಹೆಚ್ಚು ಉಸಿರಾಡಿದರೆ, ಎಷ್ಟು ವರ್ಷ ಉಸಿರಾಡಿದರೆ ಅಷ್ಟು ಅಪಾಯ ಹೆಚ್ಚು. ಊರೂರು ತಿರುಗಿ ಕೂಲಿಗೆ ಔಷಧಿ ಹೊಡೆಯುವ ಹುಡುಗರಿಗೆ ಇದು ನಿಮಗಿಂತ ಹೆಚ್ಚು ಅನ್ವಯಿಸುತ್ತದೆ. ನಿಮ್ಮ ಮನೆಗೆ ಅದು ಒಂದು ದಿನ, ಅವರಿಗೆ ತಿಂಗಳೆಲ್ಲ. ಕೂಲಿ ಕೊಡುವಾಗ ಮಾಸ್ಕು ಹಾಕಿದ್ದಾನೋ ಎಂದು ನೋಡುವ ಹಕ್ಕು ನಿಮಗಿದೆ.

ಸ್ವಲ್ಪ ಖಾರದ ಮಾತಿಗೆ ಕ್ಷಮೆ ಇರಲಿ. ಹುಳುಮನೆಯೊಳಗೆ ಊದುಬತ್ತಿ ಹಚ್ಚಬಾರದು, ಬೀಡಿ ಸೇದಿ ಬಂದವನು ಬಾಗಿಲಲ್ಲೇ ನಿಲ್ಲಬೇಕು, ಪಕ್ಕದ ತೋಟದಲ್ಲಿ ಔಷಧಿ ಹೊಡೆದ ದಿನ ಆ ಬದಿಯ ಸೊಪ್ಪು ಕೊಯ್ಯಬಾರದು. ಇವನ್ನೆಲ್ಲ ಯಾವ ಪುಸ್ತಕವೂ ಹೇಳದೆ ಪಾಲಿಸುತ್ತೀರಿ. ಚಾಕಿ ಬರುವ ಮುಂಚೆ ಫಾರ್ಮಲಿನ್ ಘಾಟು ಹೋಗಿದೆಯೋ ಇಲ್ಲವೋ ಎಂದು ಯಜಮಾನ ಒಳಗೆ ಬಂದು ಮೂಸಿ ನೋಡುತ್ತಾನೆ, ಹುಳುವಿಗೆ ಆಗುವುದಿಲ್ಲವೆಂದು. ಅದೇ ಘಾಟಿನೊಳಗೆ ಸ್ಟ್ಯಾಂಡು ಒರೆಸಲು, ನೆಲ ತೊಳೆಯಲು ಹೆಂಡತಿಯೋ ಕೂಲಿ ಹೆಂಗಸೋ ಆಗಲೇ ಹೋಗಿ ಬಂದಿರುತ್ತಾರೆ. ಬಸುರಿಯರು, ಉಬ್ಬಸ ಇರುವವರು, ಚಿಕ್ಕ ಮಕ್ಕಳು ಆ ದಿನವೂ ಮರುದಿನವೂ ಆ ಕಟ್ಟಡದ ಹತ್ತಿರ ಇರದಂತೆ ನೋಡಿಕೊಳ್ಳಿ. ಹುಳುವಿಗೆ ತೋರಿಸುವ ಕಾಳಜಿ ಅವರಿಗೂ ಸಲ್ಲಬೇಕು.

ಹಾಗಾದರೆ ಸೋರುವ ಮನೆಯವರು ಏನು ಹೊಡೆಯಬೇಕು? ಶೇಕಡಾ 0.3 ಸುಣ್ಣದ ನೀರಿನಲ್ಲಿ ಶೇಕಡಾ 2 ಬ್ಲೀಚಿಂಗ್ ಪೌಡರ್. ಇಲ್ಲವೇ ಶೇಕಡಾ 0.5 ಸುಣ್ಣದ ಜೊತೆ ಕ್ಲೋರಿನ್ ಡೈಆಕ್ಸೈಡ್. ಇವು ಮುಖ್ಯವಾಗಿ ತೇವವಾಗಿ ತಾಗಿದ ಜಾಗದಲ್ಲಿ ಕೆಲಸ ಮಾಡುವುದರಿಂದ ಮನೆ ಬಿಗಿಯಾಗಿ ಮುಚ್ಚಲೇಬೇಕೆಂದಿಲ್ಲ. ಗೋಡೆ, ನೆಲ, ಸ್ಟ್ಯಾಂಡಿನ ಅಡಿ, ಮೂಲೆಮುಡುಕು ಎಲ್ಲ ನೆನೆಯುವಂತೆ ಹೊಡೆದರೆ ಸಾಕು. ಇವೇನು ಸಾಧುಗಳೆಂದು ತಿಳಿಯಬೇಡಿ. ಬ್ಲೀಚಿಂಗ್ ಪೌಡರಿನಲ್ಲಿ ಶೇಕಡಾ 30 ಕ್ಲೋರಿನ್ ಇರಬೇಕು, ಚೀಲ ಬಿಚ್ಚಿಟ್ಟರೆ ಅದು ಹಾರಿಹೋಗುತ್ತದೆ. ಕಬ್ಬಿಣದ ಸ್ಟ್ಯಾಂಡಿಗೆ ತುಕ್ಕು ಹಿಡಿಸುತ್ತದೆ. ಕ್ಲೋರಿನ್ ಡೈಆಕ್ಸೈಡಿಗೆ ಪುಡಿ ಬೆರೆಸಿ ಹಳದಿ ಬರುವವರೆಗೆ ಕಾಯುವಾಗ ಬಯಲಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಮುಖ ದೂರವಿರಲಿ. ಆ ಅನಿಲವೂ ಎದೆ ಸುಡುವಂಥದ್ದೇ. ಆದರೆ ಕ್ಯಾನ್ಸರಿನ ಮೊದಲ ಗುಂಪಿನಲ್ಲಿ ಇವೆರಡರ ಹೆಸರಿಲ್ಲ. ಸೋರುವ ಮನೆಯಲ್ಲಿ ಫಾರ್ಮಲಿನ್ನಿಗಿಂತ ಇವು ಚೆನ್ನಾಗಿ ಕೆಲಸ ಮಾಡುತ್ತವೆ.

ಒಂದನ್ನು ಮಾತ್ರ ಮಾಡಲೇಬೇಡಿ: ಎರಡು ಔಷಧಿ ಸೇರಿಸಿದರೆ ಎರಡರಷ್ಟು ಶಕ್ತಿ ಎಂದುಕೊಂಡು ಫಾರ್ಮಲಿನ್ನಿಗೆ ಬ್ಲೀಚಿಂಗ್ ಪೌಡರ್ ಸುರಿಯುವುದು. ಎರಡೂ ಒಂದನ್ನೊಂದು ತಿಂದುಹಾಕುತ್ತವೆ, ಮಧ್ಯದಲ್ಲಿ ಬಕೆಟ್ಟು ಕಾವು ಏರಿ ಮುಖಕ್ಕೆ ಎರಚುತ್ತದೆ. ಕೋಳಿ ಫಾರಂಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಫಾರ್ಮಲಿನ್ ಸುರಿದು ಹೊಗೆ ಎಬ್ಬಿಸುವುದನ್ನು ಕಂಡವರು ಅದನ್ನು ಮನೆಯಲ್ಲಿ ಪ್ರಯೋಗಿಸಲು ಹೊರಡಬಹುದು. ಆ ಎರಡು ಸೇರಿದ ಕ್ಷಣದಲ್ಲಿ ಕುದಿದು ಉಕ್ಕುತ್ತವೆ. ಒಂದು ಔಷಧಿ ಹೊಡೆದ ಪಂಪನ್ನು ಮೂರು ಸಲ ನೀರಿನಲ್ಲಿ ತೊಳೆದೇ ಇನ್ನೊಂದಕ್ಕೆ ಬಳಸಿ. ತೊಳೆದ ನೀರು ಕೆರೆಗೂ, ದನ ಕುಡಿಯುವ ತೊಟ್ಟಿಗೂ, ಗೋಬರ್ ಗ್ಯಾಸ್ ಗುಂಡಿಗೂ ಹೋಗಬಾರದು. ಮೀನನ್ನು, ಗೊಬ್ಬರ ಮಾಗಿಸುವ ಸೂಕ್ಷ್ಮಜೀವಿಗಳನ್ನು ಅದು ಕೊಲ್ಲುತ್ತದೆ. ಬಾವಿಯಿಂದ ದೂರದ ಖಾಲಿ ನೆಲದಲ್ಲಿ ತೆಳುವಾಗಿ ಚೆಲ್ಲಿದರೆ ಮಣ್ಣಿನೊಳಗಿನ ಜೀವಾಣುಗಳೇ ಅದರಲ್ಲಿರುವ ಫಾರ್ಮಲಿನ್ನನ್ನು ಕೆಲವು ದಿನಗಳಲ್ಲಿ ಕರಗಿಸುತ್ತವೆ.

ನಮ್ಮ ಜಿಲ್ಲೆಯಲ್ಲಿ ರಾಸಾಯನಿಕದ ಅಪಾಯವೆಂದರೆ ಎಲ್ಲರಿಗೂ 2021ರ ಫೆಬ್ರುವರಿಯಲ್ಲಿ ಪೇರೇಸಂದ್ರದ ಬಳಿಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ನೆನಪಾಗುತ್ತದೆ. ಅದಕ್ಕೆ ಸದ್ದಿತ್ತು. ಮಂತ್ರಿಗಳು ಬಂದರು, ಪತ್ರಿಕೆಗಳು ಬರೆದವು. ಹುಳುಮನೆಯ ಘಾಟಿಗೆ ಸದ್ದಿಲ್ಲವಾದ್ದರಿಂದ ಅದನ್ನು ಕೇಳಬೇಕಾದವರು ನೀವೇ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಹೆಚ್. ನರಸಿಂಹಯ್ಯನವರು ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಎಂದು ಬದುಕಿನುದ್ದಕ್ಕೂ ಹೇಳುತ್ತಿದ್ದರು. ಬೂದಿ ಉದುರಿಸುವ ಬಾಬಾಗಳಿಗೆ ಅವರು ಕೇಳಿದ ಪ್ರಶ್ನೆಯನ್ನು ಕ್ಯಾನು ಮಾರುವವರಿಗೂ ಕೇಳಬಹುದು. ಯಾವಾಗ ತುಂಬಿದ್ದು? ಶಕ್ತಿ ಎಷ್ಟು? ಕನ್ನಡದಲ್ಲಿ ಎಚ್ಚರಿಕೆ ಏಕಿಲ್ಲ? ಉತ್ತರ ಸಿಗದಿದ್ದರೆ ಚಿಂತಾಮಣಿಯ ಹತ್ತಿರ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಅಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ನಿಮ್ಮ ಮನೆ ಫಾರ್ಮಲಿನ್ನಿಗೆ ತಕ್ಕಷ್ಟು ಬಿಗಿಯೋ ಅಲ್ಲವೋ ಎಂದು ಬಂದು ನೋಡಿ ಹೇಳಿರೆಂದು ಊರಿನ ಪರವಾಗಿ ಒಂದು ಅರ್ಜಿ ಬರೆಯಿರಿ. ಅಲ್ಲಿ ಓದುವ ಮಕ್ಕಳಿಗೂ ಅದು ಪಾಠವಾದೀತು.

ಇನ್ನು ತಾರೀಕಿನ ಮಾತು. ಮನೆ ತೊಳೆಯಲು ಒಂದು ದಿನ, ಔಷಧಿ ಹೊಡೆದು ಮುಚ್ಚಿಡಲು ಒಂದು ದಿನ, ಕಿಟಕಿ ಬಾಗಿಲು ತೆಗೆದು ಗಾಳಿಯಾಡಿಸಲು ಕನಿಷ್ಠ ಇನ್ನೊಂದು ದಿನ. ಎರಡು ದಿನವಾದರೆ ಇನ್ನೂ ಒಳ್ಳೆಯದು. ಚಾಕಿ ಮನೆಯವರು ಮೊಟ್ಟೆ ಒಡೆದ ಮೇಲೆ ನಿಮಗಾಗಿ ಕಾಯಲಾರರು, ಹುಳುವೂ ಕಾಯುವುದಿಲ್ಲ. ಆದ್ದರಿಂದ ಚಾಕಿ ಬುಕ್ ಮಾಡಲು ಫೋನ್ ಎತ್ತಿದಾಗಲೇ ಈ ಮೂರು ನಾಲ್ಕು ದಿನವನ್ನು ಹಿಂದಕ್ಕೆ ಎಣಿಸಿ ತಾರೀಕು ಹೇಳಿ.

ಇತಿ ನಿಮ್ಮವ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ